ತೊಟ್ಟೆಯ ಬದಲು ಬ್ಯಾಗು: 24 ಬ್ಯಾಗು ಹೊಲಿದು ತುಂಬಿಸಿದ ದಿನಚರಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಹೆಚ್ಚಾಗಿ ರವಿಕೆ, ಚೂಡಿದಾರ್, ಶಾಲೆಯ ಯೂನಿಫಾರ್ಮ್. 2024ರ ಡಿಸೆಂಬರಿನಲ್ಲಿ ಯೂನಿಫಾರ್ಮಿನ ಅಳತೆ ತೆಗೆಯಲು ಒಂದು ಮಕ್ಕಳ ಮನೆಗೆ, ಅಂದರೆ ಸ್ವಂತ ಮನೆಯಲ್ಲಿ ಇರಲಾಗದ ಮಕ್ಕಳನ್ನು ನೋಡಿಕೊಳ್ಳುವ ಜಾಗಕ್ಕೆ, ಹೋಗಿದ್ದೆ. ಕೆಲಸ ಮುಗಿಸಿ ಹೊರಗೆ ಬರುವಾಗ ಜಗಲಿಯಲ್ಲಿ ಒಂದು ಮಗು ಹೊರಟು ನಿಂತಿತ್ತು. ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಚೀಲ, ಇನ್ನೊಂದು ಕಪ್ಪು ತೊಟ್ಟೆ, ಅಂದರೆ ಪ್ಲಾಸ್ಟಿಕ್ ಚೀಲ. ತೊಟ್ಟೆಯ ತಳ ಹರಿದಿತ್ತು. ಸಾಮಾನು ಬೀಳಬಾರದು ಅಂತ ಮಗು ಅಂಗೈಯನ್ನು ತಳಕ್ಕೆ ಕೊಟ್ಟು ಹಿಡಿದುಕೊಂಡಿತ್ತು. ಜೀಪು ಬಂದು, ಹತ್ತಿ ಕೂತ ಮೇಲೂ ಆ ಕೈ ತೆಗೆಯಲಿಲ್ಲ.

ಆ ಮಗುವಿನ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಬರೆಯಲೂಬಾರದು.

ಅಂಗಡಿಗೆ ಬಂದು ನಾದಿನಿಗೆ ಹೇಳಿದೆ. ಅವಳೂ ನನ್ನ ಜೊತೆ ಹೊಲಿಯುವವಳು. ಕುಟುಂಬಶ್ರೀ ಅನ್ನುವ ಮಹಿಳೆಯರ ಸಂಘದಲ್ಲಿ ನಮ್ಮ ಜೊತೆ ಇರುವ ಇನ್ನಿಬ್ಬರು ಸೇರಿದರು. ಹೀಗೆ ಹೊರಡುವ ಮಕ್ಕಳಿಗೆ ಬ್ಯಾಗು ಹೊಲಿಯುವುದು ಎಂತ ದೊಡ್ಡ ವಿಷಯ, ಒಂದು ವಾರದಲ್ಲಿ ಮುಗಿಸಬಹುದು ಅಂದುಕೊಂಡೆವು. ಎರಡೂವರೆ ತಿಂಗಳು ಹಿಡಿಯಿತು. ಮುಂದೆ ಯಾರಾದರೂ ಮಾಡುವುದಾದರೆ ನಾವು ಮಾಡಿದ ತಪ್ಪು ಅವರು ಮಾಡುವುದು ಬೇಡ ಅಂತ ಎಲ್ಲ ಬರೆದಿಡುತ್ತಿದ್ದೇನೆ.

ಜನವರಿ 13. ಮೊದಲು ಕೇಳಿದ್ದು

ಬಟ್ಟೆ ತರುವ ಮೊದಲು ಮಕ್ಕಳ ರಕ್ಷಣಾ ಘಟಕದ ಕಚೇರಿಗೆ ಹೋದೆ. ಇಡೀ ಕೆಲಸದಲ್ಲಿ ನಾವು ಸರಿಯಾಗಿ ಮಾಡಿದ ಮೊದಲನೆಯ ಕೆಲಸ ಇದೇ.

ಬ್ಯಾಗು ಬೇಕಾದದ್ದು ಫಾಸ್ಟರ್ ಕೇರಿಗೆ ಹೋಗುವ ಮಕ್ಕಳಿಗೆ. ಫಾಸ್ಟರ್ ಕೇರ್ ಅಂದರೆ ದತ್ತು ಅಲ್ಲ. ಸ್ವಂತ ಮನೆಯಲ್ಲಿ ಇರಲಾಗದ ಮಗು ಸ್ವಲ್ಪ ಕಾಲ ಬೇರೆ ಕುಟುಂಬದ ಜೊತೆ ಇರುವುದು. ಮಲಯಾಳದಲ್ಲಿ ಪೋಟ್ಟಿ ವಳರ್ತಲ್ ಅನ್ನುತ್ತಾರೆ, ಸಾಕಿ ಬೆಳೆಸುವುದು ಅಂತ. 2015ರ ಬಾಲ ನ್ಯಾಯ ಕಾಯ್ದೆಯ 44ನೇ ಸೆಕ್ಷನ್‌ನಲ್ಲಿ ಇದು ಇದೆ. ಮಗುವನ್ನು ಯಾವ ಮನೆಗೆ ಕಳಿಸಬೇಕು ಅಂತ ನಿರ್ಧರಿಸುವುದು ಮಕ್ಕಳ ಕಲ್ಯಾಣ ಸಮಿತಿ. ಅದರಲ್ಲಿ ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಕೇರಳದಲ್ಲಿ ರಜೆಯ ಫಾಸ್ಟರ್ ಕೇರ್ ಅಂತಲೂ ಉಂಟು. ಮಕ್ಕಳ ಮನೆಯಲ್ಲಿರುವ ಮಕ್ಕಳು ಏಪ್ರಿಲ್, ಮೇ ತಿಂಗಳ ದೊಡ್ಡ ರಜೆಗೆ ಒಂದು ಕುಟುಂಬದ ಜೊತೆ ಇದ್ದು, ಶಾಲೆ ಶುರುವಾಗುವಾಗ ವಾಪಸ್ ಬರುತ್ತಾರೆ. ಅಂದರೆ ಬ್ಯಾಗು ಒಂದೇ ಸಲ ಹೋಗುವುದಲ್ಲ. ಹೋಗಬೇಕು, ಬರಬೇಕು, ಬರುವಾಗ ಮಳೆಯೂ ಇರುತ್ತದೆ. ಇದು ಗೊತ್ತಾದದ್ದರಿಂದಲೇ ಬಟ್ಟೆಯ ಆಯ್ಕೆ ಬದಲಾಯಿತು.

ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಫಾಸ್ಟರ್ ಕೇರ್ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಆದರೆ ಹಲ್ಲುಜ್ಜುವ ಬ್ರಷ್ ಬೇಕಾಗುವುದು ಮೊದಲನೆಯ ರಾತ್ರಿಯೇ ಅಲ್ವಾ.

ಅಲ್ಲಿನ ಮೇಡಂ ಮೂರು ವಿಷಯ ಹೇಳಿದರು. ಒಂದು, ಬ್ಯಾಗನ್ನು ಕಚೇರಿಗೆ ಕೊಡಬೇಕು, ಮಗುವಿನ ಕೈಗೆ ನಾವು ಕೊಡುವ ಹಾಗಿಲ್ಲ. ಎರಡು, ಫೋಟೋ ಇಲ್ಲ. ಮಗುವಿನ ಗುರುತು ಹೊರಗೆ ಹಾಕಿದರೆ ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲದಿದ್ದರೆ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಮೂರನೆಯದು ಹೀಗೆ ಹೇಳಿದರು (ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ): "ಚೇಚೀ, ಅಳತೆ ಕೊಡ್ತೇನೆ. ಹೆಸರು ಮಾತ್ರ ಕೇಳ್ಬೇಡಿ."

24 ಬ್ಯಾಗು ಸಾಕು ಅಂದರು. 14 ದೊಡ್ಡದು, 10 ಸಣ್ಣದು. 9 ಹೆಣ್ಣುಮಕ್ಕಳಿಗೆ ಪ್ಯಾಡ್ ಸೇರಿಸಬೇಕು.

ಜನವರಿ 19. ಮೊದಲನೆಯ ಮಾದರಿ, ಪೂರ್ತಿ ಹಾಳು

ಕಾಸರಗೋಡಿನಿಂದ 1 ಮೀಟರ್ ಹತ್ತಿ ಕ್ಯಾನ್ವಾಸ್ ತಂದೆ. 58 ಇಂಚು ಪನ್ನ, ಅಂದರೆ ಬಟ್ಟೆಯ ಅಗಲ, ಮೀಟರಿಗೆ 150 ರೂಪಾಯಿ. 5 ನಂಬರ್ ಜಿಪ್ಪು 10 ಮೀಟರ್ ಒಟ್ಟಿಗೇ ತಂದೆ, ಮೀಟರಿಗೆ 12ರಂತೆ 120 ರೂಪಾಯಿ. ಮಾದರಿ ನೋಡುವ ಮೊದಲು 10 ಮೀಟರ್ ತಂದದ್ದು ತಪ್ಪು.

ನಾನು ಹೊಲಿಯುವುದು ಹಳೆಯ ಕಾಲು ಮೆಷಿನಿನಲ್ಲಿ. ಯಾವಾಗಲೂ ಹಾಕುವ 14 ನಂಬರ್ ಸೂಜಿಯನ್ನೇ ಇಟ್ಟು ಶುರು ಮಾಡಿದೆ. ಎರಡು ಪದರ ಹೋಯಿತು. ಹಿಡಿಯ ಪಟ್ಟಿ ಸೇರುವಲ್ಲಿ ಆರು ಪದರ ಬರುತ್ತದೆ, ಅಲ್ಲಿ ಟಕ್ ಅಂತ ಮುರಿಯಿತು. 16 ಹಾಕಿದೆ, ಅದೂ ಮುರಿಯಿತು. ಒಂದು ಚೂರು ಹಾರಿ ಕನ್ನಡಕಕ್ಕೆ ತಾಗಿತು. ಕನ್ನಡಕ ಇಲ್ಲದಿದ್ದರೆ ಕಣ್ಣಿಗೇ ಬೀಳುತ್ತಿತ್ತು. ದಪ್ಪ ಬಟ್ಟೆ ಹೊಲಿಯುವಾಗ ಕನ್ನಡಕ ಹಾಕಿಯೇ ಕೂರಬೇಕು, ಇದನ್ನು ಒತ್ತಿ ಹೇಳುತ್ತೇನೆ.

18 ನಂಬರ್ ಸೂಜಿ, ನೈಲಾನ್ ನೂಲು, ಹೊಲಿಗೆ ಸ್ವಲ್ಪ ಉದ್ದ, ಇಂಚಿಗೆ ಏಳೆಂಟು. ಆಗ ಸರಿಯಾಯಿತು. ಆದರೆ ಪಟ್ಟಿಯ ಜೋಡಣೆ ಮಾತ್ರ ನಮ್ಮ ಮೆಷಿನಿನ ಕೆಲಸವಲ್ಲ ಅಂತ ಅವತ್ತೇ ಗೊತ್ತಾಯಿತು.

ಸಂಜೆ ಬ್ಯಾಗಿಗೆ 6 ಕಿಲೋ ಅಕ್ಕಿ, ಒಂದು ಬೆಡ್‌ಶೀಟ್ ತುಂಬಿಸಿ ಜಿಪ್ಪು ಎಳೆದೆ. ನಡುವಿನಲ್ಲಿ ಹಲ್ಲು ಬಿಟ್ಟುಕೊಂಡಿತು. ರನ್ನರ್ ಹಿಂದೆ ತಂದು ಮತ್ತೆ ಎಳೆದೆ, ಮತ್ತೆ ಬಿಟ್ಟಿತು. ಆಮೇಲೆ ಬಾವಿಕಟ್ಟೆಯ ಹತ್ತಿರ ಇಟ್ಟು ಮಗ ಹತ್ತು ನಿಮಿಷ ಚೆಂಬಿನಲ್ಲಿ ನೀರು ಹೊಯ್ದ. ಒಳಗಿನ ಬೆಡ್‌ಶೀಟ್ ಹೊಲಿಗೆಯ ಉದ್ದಕ್ಕೂ ಒದ್ದೆ. ಜಿಪ್ಪಿನಿಂದಲಂತೂ ನೀರು ಸುಮ್ನೆ ಇಳಿಯಿತು. ಮರುದಿನ ಒಣಗಿದ ಮೇಲೆ ಅಳೆದರೆ ಬ್ಯಾಗು ಮುಕ್ಕಾಲು ಇಂಚು ಗಿಡ್ಡವಾಗಿತ್ತು.

ಜನವರಿ 26. ಅಳತೆ ಕೂಡಿಬಂದದ್ದು

ದೊಡ್ಡ ಬ್ಯಾಗಿಗೆ ಮೊದಲು ಇಟ್ಟುಕೊಂಡ ಅಳತೆ: ಉದ್ದ 20 ಇಂಚು, ಎತ್ತರ 11, ಅಗಲ 10. ಮೈಗೆ ಒಂದೇ ತುಂಡು, ಎರಡು ಬದಿಗೆ ಎರಡು ತುಂಡು. ಪೇಪರಿನಲ್ಲಿ ಹಾಕಿ ನೋಡಿದರೆ ಬದಿಯ ತುಂಡು ಹೊಲಿಗೆಗೆ ಬಿಡುವ ಜಾಗ ಸೇರಿ 11 ಇಂಚು ಬರುತ್ತದೆ, ಎರಡಕ್ಕೆ 22. ಮೈ ತುಂಡಿನ ಉದ್ದ 21. ಒಂದು ಇಂಚಿಗಾಗಿ ಪ್ರತಿ ಬ್ಯಾಗಿಗೂ ಇನ್ನೊಂದು ತುಂಡು ಬಟ್ಟೆ ಕತ್ತರಿಸಬೇಕಾಗುತ್ತಿತ್ತು. ಅಗಲವನ್ನು 9½ ಮಾಡಿದೆ. ಬದಿ ತುಂಡು 10½, ಎರಡಕ್ಕೆ ಸರಿಯಾಗಿ 21. ಒಂದು ಬ್ಯಾಗಿಗೆ 21 ಇಂಚು ಬಟ್ಟೆ, ಎಲ್ಲ ಅದರಲ್ಲೇ.

ಕತ್ತರಿಸುವ ಲೆಕ್ಕ ಹೀಗೆ: ಪನ್ನದಲ್ಲಿ 42 ಇಂಚು ಮೈಗೆ, 12 ಇಂಚು ಬದಿಗೆ. ಒಟ್ಟು 54.

ಸಣ್ಣ ಬ್ಯಾಗು ಉದ್ದ 16, ಎತ್ತರ 10, ಅಗಲ 7½. ಒಂದಕ್ಕೆ 17 ಇಂಚು ಬಟ್ಟೆ.

14 ದೊಡ್ಡದು, 10 ಸಣ್ಣದು, ಎಲ್ಲ ಸೇರಿ 464 ಇಂಚು. ಮಂಗಳೂರಿನ ಬಂದರಿನಲ್ಲಿ ಸಗಟು ಅಂಗಡಿ ಹುಡುಕಿ 13 ಮೀಟರ್ ತಂದೆವು. ಕುಂಬಳೆಯಿಂದ ರೈಲಿನಲ್ಲಿ ಹೋಗಿ ಬಂದದ್ದು. ಬಣ್ಣ ಕಡುನೀಲಿ ಮತ್ತು ಹಸಿರು. ಹುಡುಗರಿಗೆ ನೀಲಿ, ಹುಡುಗಿಯರಿಗೆ ಗುಲಾಬಿ ಅಂತ ಮಾಡಲಿಲ್ಲ. ಯಾರಿಗೆ ಯಾವುದು ಇಷ್ಟವೋ ಆರಿಸಿಕೊಳ್ಳಲಿ ಅಂತ.

ಈ ಸಲ ಬಟ್ಟೆಯನ್ನು ಮೊದಲೇ ಒಂದು ರಾತ್ರಿ ನೀರಲ್ಲಿ ನೆನೆಸಿ, ಅಡಿಕೆ ಅಂಗಳದಲ್ಲಿ ಹಾಸಿ ಒಣಗಿಸಿದೆವು. 13 ಮೀಟರ್ ಇದ್ದದ್ದು 12½ ಆಯಿತು. ಪನ್ನವೂ 58ರಿಂದ 56½ಕ್ಕೆ ಇಳಿಯಿತು. ನೆನೆಸದೆ ಹೊಲಿದಿದ್ದರೆ ಮೊದಲ ಮಳೆಗೆ ಎಲ್ಲ ಬ್ಯಾಗಿನ ಜಿಪ್ಪೂ ಸುರುಟಿಕೊಳ್ಳುತ್ತಿತ್ತು.

54 ಇಂಚು ಹೋಗಿ 2½ ಇಂಚಿನ ಪಟ್ಟಿ ಉಳಿಯಿತು ನೋಡಿ. ಅದನ್ನು ಎರಡೂ ಅಂಚು ಮಡಚಿ ಜಿಪ್ಪಿನ ಮೇಲೆ ಮುಚ್ಚುವ ಹಾಗೆ ಹೊಲಿದೆ. ಒಂದೂವರೆ ಇಂಚು ಅಗಲದ ಮುಚ್ಚಳ. ಮತ್ತೆ ನೀರು ಹೊಯ್ದಾಗ ಜಿಪ್ಪಿನಿಂದ ಒಂದು ಹನಿಯೂ ಇಳಿಯಲಿಲ್ಲ. ಬಿಸಾಡಬೇಕಾದ ಪಟ್ಟಿ ಹೀಗೆ ಉಪಯೋಗವಾದದ್ದು ನನಗೆ ತುಂಬ ಖುಷಿ ಕೊಟ್ಟಿತು.

ಫೆಬ್ರವರಿ 2ರಿಂದ 16. ಹೊಲಿಗೆ

ಕ್ರಮ ಮುಖ್ಯ. ನಾವು ಎರಡನೆಯ ಮಾದರಿಯಲ್ಲಿ ಕ್ರಮ ತಪ್ಪಿ ಮೂರು ಗಂಟೆ ಕಳೆದುಕೊಂಡೆವು.

ಮೊದಲು ಜಿಪ್ಪು. 5 ನಂಬರ್ ಬಿಟ್ಟು 8 ನಂಬರ್ ತಂದೆ, 13 ಮೀಟರ್, ಮೀಟರಿಗೆ 22. ಪ್ರತಿ ಬ್ಯಾಗಿಗೆ ಎರಡು ರನ್ನರ್, ಎದುರುಬದುರಾಗಿ. ಒಂದು ಕೆಟ್ಟರೂ ಇನ್ನೊಂದರಲ್ಲಿ ಮುಚ್ಚಬಹುದು. ಹಳೆಯ ಜಿಪ್ಪು ಪೂರ್ತಿ ದಂಡವಾಗಲಿಲ್ಲ, ಅರ್ಧದಷ್ಟು ಆಮೇಲೆ ಒಳಗಿನ ಸಾಬೂನು ಚೀಲಕ್ಕೆ ಬಂತು.

ಜಿಪ್ಪಿನ ನಂತರ ಪಟ್ಟಿ. ಒಂದೂಕಾಲು ಇಂಚಿನ ಪ್ಲಾಸ್ಟಿಕ್ ನೇಯ್ಗೆಯ ಪಟ್ಟಿ 90 ಮೀಟರ್ ತಂದಿದ್ದೆವು. ಬ್ಯಾಗಿನ ಮೇಲ್ಗಡೆ ಮಾತ್ರ ಪಟ್ಟಿ ಹಚ್ಚಿದರೆ ಭಾರ ಎಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ತಳದ ಅಡಿಯಿಂದ ಸುತ್ತಿ ತಂದರೆ ಪಟ್ಟಿಯೇ ಭಾರ ಹೊರುತ್ತದೆ. ತುದಿಯನ್ನು ಮೊಂಬತ್ತಿಗೆ ಹಿಡಿದು ಕರಗಿಸಬೇಕು, ಇಲ್ಲದಿದ್ದರೆ ಎಳೆ ಬಿಚ್ಚುತ್ತದೆ.

ಪಟ್ಟಿ ಸೇರುವ ಜಾಗಗಳನ್ನು ಕುಂಬಳೆಯಲ್ಲಿ ಚಪ್ಪಲಿ, ಬ್ಯಾಗು ರಿಪೇರಿ ಮಾಡುವ ಅಣ್ಣನ ಹತ್ತಿರ ಹೊಲಿಸಿದೆವು. ಚೌಕ ಹೊಲಿದು ನಡುವೆ ಗುಣಾಕಾರದ ಗುರುತಿನ ಹಾಗೆ ಇನ್ನೆರಡು ಗೆರೆ. ಬ್ಯಾಗಿಗೆ 10 ರೂಪಾಯಿ ತೆಗೆದುಕೊಂಡರು. ಯಾರಿಗೆ ಅಂತ ಕೇಳಿದರು. ಮಕ್ಕಳಿಗೆ ಅಂದೆ. ಎಲ್ಲ ಜಾಗಕ್ಕೂ ಎರಡು ಸಲ ಹೊಲಿಗೆ ಓಡಿಸಿದರು, ದುಡ್ಡು ಅಷ್ಟೇ.

ಕೊನೆಗೆ ಬದಿಯ ತುಂಡುಗಳು. ಇಲ್ಲೇ ನಾವು ತಪ್ಪಿದ್ದು. ಜಿಪ್ಪು ಪೂರ್ತಿ ಮುಚ್ಚಿಟ್ಟು ಎರಡೂ ಬದಿ ಹೊಲಿದುಬಿಟ್ಟೆವು. ಬ್ಯಾಗು ಉಲ್ಟಾ ಇದೆ, ರನ್ನರ್ ಒಳಗೆ ಸಿಕ್ಕಿದೆ, ತಿರುಗಿಸಲು ದಾರಿಯೇ ಇಲ್ಲ. ಒಂದು ಬದಿ ಪೂರ್ತಿ ಬಿಚ್ಚಬೇಕಾಯಿತು. ಜಿಪ್ಪು ಅರ್ಧ ತೆರೆದಿಟ್ಟೇ ಬದಿ ಹೊಲಿಯಬೇಕು.

ಒಳಗೆ ಮಳೆಕೋಟಿನ ತೆಳು ನೈಲಾನ್ ಬಟ್ಟೆಯ ಲೈನಿಂಗ್. ಅದನ್ನು ಕ್ಯಾನ್ವಾಸಿನ ಜೊತೆ ಒಂದೇ ಹೊಲಿಗೆಯಲ್ಲಿ ಸೇರಿಸಬಾರದು, ಸೂಜಿಯ ತೂತು ಎರಡನ್ನೂ ದಾಟುತ್ತದೆ. ಬೇರೆಯೇ ಚೀಲದ ಹಾಗೆ ಹೊಲಿದು, ಬಾಯಿಯಲ್ಲಿ ಮಾತ್ರ ಸೇರಿಸಿದೆವು. ಹೊರಗಿನ ಹೊಲಿಗೆಗೆ ಬಿಳಿ ಮೊಂಬತ್ತಿ ಉಜ್ಜಿ, ಮೇಲೆ ಕಾಗದ ಇಟ್ಟು ಇಸ್ತ್ರಿಪೆಟ್ಟಿಗೆ ಎಳೆದರೆ ಮೇಣ ತೂತಿಗೆ ಇಳಿಯುತ್ತದೆ.

ಒಂದು ಬ್ಯಾಗಿಗೆ ಎರಡೂವರೆ ಗಂಟೆ. ನಾಲ್ಕು ಜನ, ಮನೆ ಕೆಲಸ ಮುಗಿದ ಮೇಲೆ.

ಫೆಬ್ರವರಿ 18. ಬ್ಯಾಗಿನ ಮೇಲಿನ ಹೆಸರು

ಮೊದಲ ಆರು ಬ್ಯಾಗಿನ ಹೊರಗೆ, ಎದ್ದು ಕಾಣುವ ಹಾಗೆ, ಬಿಳಿ ಬಟ್ಟೆಯಲ್ಲಿ ನಮ್ಮ ಗುಂಪಿನ ಹೆಸರು ಹೊಲಿದಿದ್ದೆ. ಕೆಳಗೆ "ಕೊಡುಗೆ" ಅಂತ. ದುಡ್ಡು ಕೊಟ್ಟ ಒಬ್ಬರು ತಮ್ಮ ತಂದೆಯ ಹೆಸರೂ ಇರಲಿ ಅಂದಿದ್ದರು. ಅದಕ್ಕೂ ಜಾಗ ಬಿಟ್ಟಿದ್ದೆ. ತಪ್ಪು ಅಂತ ಆ ಹೊತ್ತಿಗೆ ಹೊಳೆಯಲೇ ಇಲ್ಲ. ದೇವಸ್ಥಾನದ ಗಂಟೆಗೂ, ಶಾಲೆಯ ಬೆಂಚಿಗೂ ಹೆಸರು ಹಾಕುವುದು ನೋಡಿಯೇ ಬೆಳೆದವರು ನಾವು.

ಮೇಡಮಿಗೆ ತೋರಿಸಿದೆ. ಅವರು ಬೈಯಲಿಲ್ಲ. "ಈ ಮಗು ಬಸ್ಸಲ್ಲಿ ಹೋಗ್ತದೆ ಚೇಚೀ. ಪಕ್ಕದಲ್ಲಿ ಕೂತವರು ಇದನ್ನು ಓದ್ತಾರೆ," ಅಂದರು.

ಮನೆಗೆ ಬಂದು ಆರನ್ನೂ ಬ್ಲೇಡಿನಲ್ಲಿ ಬಿಚ್ಚಿದೆ. ಕ್ಯಾನ್ವಾಸಿನಲ್ಲಿ ಸೂಜಿ ತೂತಿನ ಗೆರೆ ಉಳಿಯಿತು, ಚೌಕ ಚೌಕವಾಗಿ, ಇಲ್ಲಿ ಏನೋ ಇತ್ತು ಅಂತ ತೋರಿಸುವ ಹಾಗೆ. ಅದರ ಮೇಲೆ ಒಂದು ಹೊರಜೇಬು ಹೊಲಿದು ಮುಚ್ಚಿದೆ. ಆಮೇಲೆ ಆ ಜೇಬು ಚೆನ್ನಾಗಿ ಕಂಡಿತು ಅಂತ ಉಳಿದ 18ಕ್ಕೂ ಹಾಕಿದೆವು. ತಂದೆಯ ಹೆಸರು ಕೇಳಿದ್ದವರ ಮನೆಗೆ ಹೋಗಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರು. "ಹೌದಲ್ಲ, ನನಗೆ ಗೊತ್ತಾಗ್ಲಿಲ್ಲ" ಅಂದರು. ಕೊಟ್ಟ ದುಡ್ಡು ವಾಪಸ್ ಕೇಳಲಿಲ್ಲ.

ಫೆಬ್ರವರಿ 20. ಮೊದಲ ಆರು ಹೋಯಿತು

ರಜೆಗೆ ಮೊದಲೇ ಹೊರಡುವ ಮಕ್ಕಳಿಗೆ ಆರು ಬ್ಯಾಗು ಬೇಕು ಅಂದಿದ್ದರು. ತುಂಬಿಸಿದ್ದು: ಬೈರಾಸು (ಮೈ ಒರೆಸುವ ಟವಲು), ಹೊದಿಕೆ, ಮೂರು ಜೊತೆ ಒಳಉಡುಪು, ರಾತ್ರಿ ಹಾಕುವ ಒಂದು ಜೊತೆ, ಬ್ರಷ್, ಪೇಸ್ಟ್, ಸಾಬೂನು, ಬಾಚಣಿಗೆ, ತೆಂಗಿನೆಣ್ಣೆ, ನೀರಿನ ಬಾಟ್ಲಿ, ಟಾರ್ಚು, ನೋಟ್ ಪುಸ್ತಕ, ಪೆನ್ಸಿಲ್, ಕಥೆ ಪುಸ್ತಕ. ಇಷ್ಟಕ್ಕೇ ನಿಲ್ಲಿಸಲಿಲ್ಲ. ಅಕ್ಕಪಕ್ಕದವರು ಕೊಟ್ಟದ್ದನ್ನೆಲ್ಲ ಸೇರಿಸಿದೆವು. ಬಿಸ್ಕೆಟ್, ಆಟದ ಕಾರು, ಇನ್ನೊಂದು ಅಂಗಿ, ಮತ್ತೊಂದು ಬೈರಾಸು. ಜಿಪ್ಪು ಹಾಕಲು ನಾದಿನಿ ಬ್ಯಾಗಿನ ಮೇಲೆ ಮೊಣಕಾಲು ಊರಬೇಕಾಯಿತು.

"ಎಂತಕ್ಕೆ ಅತ್ತಿಗೆ ಇಷ್ಟು ತುಂಬಿಸುದು?" ಅಂದಳು.

"ಖಾಲಿ ಬ್ಯಾಗು ಕೊಟ್ಟ ಹಾಗೆ ಆಗಬಾರದು," ಅಂದೆ.

ಫೆಬ್ರವರಿ 28. ಫೋನು

ಮೇಡಂ ಫೋನು ಮಾಡಿದರು. ಬ್ಯಾಗು ಚೆನ್ನಾಗಿದೆ, ಮಕ್ಕಳಿಗೆ ಖುಷಿಯಾಗಿದೆ ಅಂತ ಹೇಳಿದರು. ಆಮೇಲೆ, ತಾವೇ ಕಂಡ ಒಂದು ವಿಷಯ ಹೇಳಬೇಕು ಅಂದರು. ಒಂದು ಮಗು ಹೊರಡುವಾಗ ಹೊಸ ಬ್ಯಾಗಿನ ಹಿಡಿಗೆ ಒಂದು ತೊಟ್ಟೆ ಕಟ್ಟಿಕೊಂಡಿತ್ತಂತೆ. ತೊಟ್ಟೆಯೊಳಗೆ ಒಂದು ತಗಡಿನ ಡಬ್ಬಿ, ಹಳೆಯ ಒಂದು ಅಂಗಿ, ರಬ್ಬರ್ ಬ್ಯಾಂಡ್ ಹಾಕಿದ ಕೆಲವು ಕಾಗದ. ಬ್ಯಾಗಿನೊಳಗೆ ಜಾಗ ಇರಲಿಲ್ಲ.

ನಾವು ತುಂಬಿಸಿದ್ದು ಎಲ್ಲ ಹೊಸದು. ಮಗುವಿನದ್ದು ಅಂತ ಇದ್ದದ್ದು ಆ ತೊಟ್ಟೆಯಲ್ಲಿತ್ತು. ಅದನ್ನು ನಾವೇ ಹೊರಗೆ ಇರಿಸಿದ ಹಾಗಾಯಿತು. ಯಾವುದರ ಬದಲಿಗೆ ಬ್ಯಾಗು ಹೊಲಿಯಲು ಕೂತೆವೋ ಅದೇ ತೊಟ್ಟೆ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ನಾದಿನಿ ಬಂದಾಗ ಹೇಳಿದೆ. ಅವಳು ಏನೂ ಅನ್ನಲಿಲ್ಲ, ತುಂಬಿಸಿಟ್ಟಿದ್ದ ನಾಲ್ಕು ಬ್ಯಾಗು ತಂದು ನೆಲದಲ್ಲಿ ಸುರಿದಳು.

ಮಾರ್ಚ್ 1ರಿಂದ 20. ಮತ್ತೆ ತುಂಬಿಸಿದ್ದು

ಹೊಸ ನಿಯಮ ಮಾಡಿಕೊಂಡೆವು. ಬ್ಯಾಗಿನ ಮೂರನೇ ಒಂದು ಪಾಲು ಖಾಲಿ ಇರಬೇಕು. ಒಳಗೆ ಉದ್ದದ ಬದಿಯಲ್ಲಿ ಒಂದು ಚಪ್ಪಟೆ ಜೇಬು, 9 ಇಂಚು ಅಗಲ, 12 ಇಂಚು ಉದ್ದ, ಗುಂಡಿ ಹಾಕುವಂಥದ್ದು. ಫೋಟೋ, ಕಾಗದ, ಅಂಕಪಟ್ಟಿ ಮಡಚದೆ ಇಡಬಹುದು. ಆ ಜೇಬಿನಲ್ಲಿ ನಾವು ಏನೂ ಇಡುವುದಿಲ್ಲ.

ಜಾಗ ಎಲ್ಲಿಂದ ಬಂತು? ದಪ್ಪ ಹೊದಿಕೆಯಿಂದ. ಕಾಸರಗೋಡಿನ ಏಪ್ರಿಲಿನ ಸೆಕೆಗೆ ಕಂಬಳಿಯಂಥ ಹೊದಿಕೆ ಕೊಟ್ಟಿದ್ದೆವು. ತೆಳು ಹತ್ತಿಯದ್ದು ತಂದು ಸುತ್ತಿ ಕಟ್ಟಿದಾಗ ಅರ್ಧ ಜಾಗ ಉಳಿಯಿತು. ಎರಡನೆಯ ಬೈರಾಸು, ಆಟದ ಕಾರು, ಹೆಚ್ಚಿನ ಅಂಗಿ ಎಲ್ಲ ತೆಗೆದೆವು. ಅವು ಮಕ್ಕಳ ಮನೆಗೆ ಬೇರೆಯಾಗಿ ಹೋದವು.

ಇದರ ಜೊತೆಗೇ ಕಂಡ ಬೇರೆ ತಪ್ಪುಗಳು:

ತೆಂಗಿನೆಣ್ಣೆ. ಸೆಕೆಗೆ ನೀರಿನ ಹಾಗೆ ತೆಳುವಾಗಿ ಮುಚ್ಚಳದ ಸುತ್ತಲಿಂದ ಇಳಿದು, ಸುರಿದ ನಾಲ್ಕರಲ್ಲಿ ಎರಡು ಬ್ಯಾಗಿನ ಬೈರಾಸು ಎಣ್ಣೆ ಎಣ್ಣೆ. ಎಣ್ಣೆ ಯಾವ ಮನೆಯಲ್ಲೂ ಇರುತ್ತದೆ. ಕೈಬಿಟ್ಟೆವು.

ಸಾಬೂನು. ಕಾಗದದ ಪೊಟ್ಟಣದಲ್ಲೇ ಇಟ್ಟದ್ದಕ್ಕೆ ಬಿಸ್ಕೆಟಿಗೂ ಸಾಬೂನಿನ ವಾಸನೆ, ಒಳಉಡುಪಿಗೂ ಅದೇ. ಈಗ ಡಬ್ಬಿ, ಡಬ್ಬಿಯ ಮೇಲೆ ಜಿಪ್ಪಿನ ಚೀಲ. ಬಿಸ್ಕೆಟ್ ಬೇಡವೇ ಬೇಡ, ಬ್ಯಾಗು ಎಷ್ಟು ದಿನ ಕಪಾಟಿನಲ್ಲಿ ಇರುತ್ತದೋ ಯಾರಿಗೆ ಗೊತ್ತು. ಇರುವೆ ಬರುತ್ತದೆ.

ಟಾರ್ಚು. ಬ್ಯಾಟರಿ ಹಾಕಿಯೇ ಇಟ್ಟಿದ್ದೆವು, ಒತ್ತಡಕ್ಕೆ ಸ್ವಿಚ್ಚು ಒತ್ತಿಕೊಂಡು ಒಂದು ಪೂರ್ತಿ ಸತ್ತುಹೋಗಿತ್ತು. ಬ್ಯಾಟರಿಗೂ ಕಬ್ಬಿಣದ ಕೊಂಡಿಗೂ ನಡುವೆ ಸಣ್ಣ ರಟ್ಟಿನ ತುಂಡು ಸಿಕ್ಕಿಸಿ, ಅದರ ತುದಿ ಹೊರಗೆ ಕಾಣುವ ಹಾಗೆ ಬಿಟ್ಟೆವು. ಎಳೆದರೆ ಉರಿಯುತ್ತದೆ. ಟಾರ್ಚನ್ನು ಮಾತ್ರ ಬಿಡುವ ಮನಸ್ಸಾಗಲಿಲ್ಲ. ಗೊತ್ತಿಲ್ಲದ ಮನೆಯಲ್ಲಿ ರಾತ್ರಿ ಬಚ್ಚಲು ಎಲ್ಲಿ, ಸ್ವಿಚ್ಚು ಎಲ್ಲಿ ಅಂತ ಯಾರನ್ನು ಎಬ್ಬಿಸಿ ಕೇಳುವುದು? ಅದನ್ನು ಹೊರಜೇಬಿನಲ್ಲೇ ಇಟ್ಟೆವು, ಹುಡುಕುವ ಹಾಗೆ ಆಗಬಾರದು.

ಕಥೆ ಪುಸ್ತಕ. ನಾವು ಕನ್ನಡದವರು, ಎಲ್ಲ ಕನ್ನಡ ಪುಸ್ತಕವೇ ತಂದಿದ್ದೆವು. ಆರು ಮಕ್ಕಳಲ್ಲಿ ನಾಲ್ವರು ಮಲಯಾಳ ಮಾಧ್ಯಮದಲ್ಲಿ ಓದುವವರು. ಕಾಸರಗೋಡು ಸಪ್ತಭಾಷೆಯ ಊರು ಅಂತ ನಾವೇ ಎಲ್ಲ ಕಡೆ ಹೇಳಿಕೊಳ್ಳುತ್ತೇವೆ, ಬ್ಯಾಗು ತುಂಬಿಸುವಾಗ ಮರೆತೆವು. ಈಗ ಕಚೇರಿಯಿಂದ ಅಳತೆಯ ಜೊತೆ ಓದುವ ಭಾಷೆಯನ್ನೂ ಕೇಳಿ ಬರೆದುಕೊಳ್ಳುತ್ತೇವೆ. ಒಬ್ಬರು ಟೀಚರ್ ಎರಡೂ ಭಾಷೆಯ ಪುಸ್ತಕ ಆರಿಸಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ.

ಒಳಉಡುಪಿನ ಅಳತೆ. ವಯಸ್ಸು ನೋಡಿ ತಂದದ್ದು ಮೂವರಿಗೆ ದೊಡ್ಡದಾಯಿತು. ಹೊಲಿಗೆಯವಳಾಗಿ ನನಗೆ ಇದು ಮೊದಲೇ ಗೊತ್ತಿರಬೇಕಿತ್ತು. ಹತ್ತು ವರ್ಷ ಅಂದರೆ ಎಲ್ಲ ಹತ್ತೂ ಒಂದೇ ಅಲ್ಲ. ಸೊಂಟದ ಸುತ್ತಳತೆ ಇಂಚಿನಲ್ಲಿ ತರಿಸಿಕೊಳ್ಳಿ.

ಪ್ಯಾಡ್. ಮೊದಲು ಅಂಗಡಿಯ ಪ್ಯಾಕೆಟನ್ನು ಹಾಗೇ ಇಟ್ಟೆವು. ಬ್ಯಾಗು ತೆರೆದಾಗ ಎಲ್ಲರೆದುರು ಅದೇ ಮೇಲೆ ಕಾಣುತ್ತಿತ್ತು. ಉಳಿದ ಕ್ಯಾನ್ವಾಸಿನಲ್ಲಿ ಸಣ್ಣ ಚೀಲ ಹೊಲಿದು ಅದರೊಳಗೆ ಹಾಕಿ ಕೆಳಗಿಟ್ಟೆವು. ಹೆಚ್ಚಿಗೆ ಒಂದು ಒಳಉಡುಪೂ ಅದರಲ್ಲೇ.

ಇನ್ನೊಂದು ಕಷ್ಟದ ವಿಷಯ. ವಿಷಯ ಗೊತ್ತಾದ ಮೇಲೆ ಹಳೆಯ ಬಟ್ಟೆಯ ಮೂಟೆಗಳು ಅಂಗಡಿಗೆ ಬರತೊಡಗಿದವು. ಗುಂಡಿ ಹೋದ ಅಂಗಿ, ಕಲೆ ಬಿದ್ದ ಫ್ರಾಕು, ಒಂದರಲ್ಲಿ ಬಳಸಿದ ಒಳಉಡುಪು ಕೂಡ ಇತ್ತು. ಕೊಟ್ಟವರು ಕೆಟ್ಟ ಮನಸ್ಸಿನವರಲ್ಲ, ಗುರುತಿನವರೇ. ಆದರೂ ಬೇಡ ಅಂತ ಮುಖಕ್ಕೇ ಹೇಳಬೇಕಾಯಿತು. ನಿಮ್ಮ ಮಗುವಿಗೆ ಹೊಸ ಮನೆಗೆ ಹೋಗುವಾಗ ಇದನ್ನು ಹಾಕಿ ಕಳಿಸುತ್ತೀರಾ ಅಂತ ಕೇಳಿದೆ. ಇಬ್ಬರು ಬೇಜಾರು ಮಾಡಿಕೊಂಡರು. ಅದರಲ್ಲಿ ಒಬ್ಬರು ಮರುವಾರ ಹೊಸ ಬೈರಾಸು ನಾಲ್ಕು ತಂದು ಕೊಟ್ಟರು.

ಮಾರ್ಚ್ 26. ಉಳಿದ 18

ರಿಕ್ಷಾ ಸಾಲದು ಅಂತ ಪಿಕಪ್ ಮಾಡಿದೆವು. ಎರಡೂ ಸಲದ ಬಾಡಿಗೆ ಸೇರಿ 450. ಮೊದಲ ಆರು ಮಕ್ಕಳಿಗೆ ಚಪ್ಪಟೆ ಜೇಬು ಇಲ್ಲ, ಅದು ನನ್ನ ಮನಸ್ಸಿನಲ್ಲಿ ಇನ್ನೂ ಉಂಟು. ಮೇಡಂ ಹತ್ತಿರ ಹೇಳಿಟ್ಟಿದ್ದೇನೆ, ಯಾವಾಗ ಬ್ಯಾಗು ವಾಪಸ್ ಬಂದರೂ ಹೊಲಿದು ಕೊಡುತ್ತೇನೆ ಅಂತ.

ಖರ್ಚು

24 ಬ್ಯಾಗಿಗೆ, ಮಾದರಿ ಸೇರಿ:

ಕ್ಯಾನ್ವಾಸ್ 14 ಮೀಟರ್: 2,100
ಲೈನಿಂಗ್ 13 ಮೀಟರ್: 780
8 ನಂಬರ್ ಜಿಪ್ಪು: 286
ರನ್ನರ್ 60: 180
ಮೊದಲು ತಂದ 5 ನಂಬರ್ ಜಿಪ್ಪು: 120
ಪಟ್ಟಿ 90 ಮೀಟರ್: 810
ಹೆಗಲ ಪಟ್ಟಿಯ ಕೊಂಡಿ, ಬಳೆ 24 ಜೊತೆ: 336
ನೂಲು: 150
ಸೂಜಿ: 120
ಪಟ್ಟಿ ಹೊಲಿಸಿದ್ದು: 240

ಒಟ್ಟು 5,122. ಒಂದು ಬ್ಯಾಗಿಗೆ 213 ರೂಪಾಯಿ, ನಮ್ಮ ಕೂಲಿ ಬಿಟ್ಟು.

ಒಳಗಿನ ಸಾಮಾನು ಒಂದಕ್ಕೆ 980ರಂತೆ 23,520. ಪ್ಯಾಡಿಗೆ 720. ಬಾಡಿಗೆ 450. ಎಲ್ಲ ಸೇರಿ 29,812. ನಮ್ಮ ಗುಂಪಿನದ್ದು 5,000, ಊರವರು ಕೊಟ್ಟದ್ದು 18,000, ಉಳಿದ 6,812 ನಾವು ನಾಲ್ವರು ಹಂಚಿಕೊಂಡೆವು.

ಹೊಲಿಗೆ ಗೊತ್ತಿಲ್ಲದವರು ಅಂಗಡಿಯ ಬ್ಯಾಗೇ ತರಬಹುದು, ಏನೂ ತೊಂದರೆಯಿಲ್ಲ. ಜಿಪ್ಪು ಎಳೆದು ನೋಡಿ, ಪಟ್ಟಿ ತಳದ ಅಡಿಯಿಂದ ಬಂದಿದೆಯಾ ಅಂತ ತಿರುಗಿಸಿ ನೋಡಿ. ಮತ್ತೆ, ತುಂಬಿಸಬೇಡಿ.

ಜೂನ್ 9. ರಿಪೇರಿಗೆ ಬಂದದ್ದು

ಶಾಲೆ ಶುರುವಾದ ಮರುವಾರ ಕಚೇರಿಯಿಂದ ಎರಡು ಬ್ಯಾಗು ಬಂತು. ಒಂದು ಮೊದಲ ಆರರಲ್ಲಿ ಒಂದು. ರನ್ನರ್ ಸಡಿಲವಾಗಿತ್ತು, ಇಕ್ಕಳದಲ್ಲಿ ಎರಡು ಬದಿ ಮೆಲ್ಲಗೆ ಒತ್ತಿದೆ, ಹಿಡಿಯಿತು. ಚಪ್ಪಟೆ ಜೇಬೂ ಹೊಲಿದೆ.

ಇನ್ನೊಂದು ಹಸಿರು ಬ್ಯಾಗು. ಹೆಗಲ ಪಟ್ಟಿ ಬದಿಗೆ ಸೇರುವಲ್ಲಿ ಅರ್ಧ ಕಿತ್ತಿತ್ತು. ಬದಿ ತುಂಡಿಗೆ ಒಂದೇ ಪದರ ಕ್ಯಾನ್ವಾಸ್ ಸಾಲದು, ಪಟ್ಟಿ ಬರುವಲ್ಲಿ ಒಳಗಿನಿಂದ ಇನ್ನೊಂದು ತುಂಡು ಕೊಡಬೇಕಿತ್ತು. ಮುಂದಿನ ಸಲ ಎಲ್ಲದಕ್ಕೂ ಹಾಗೆ ಮಾಡಬೇಕು. ತೇಪೆ ಹಾಕಲು ಲೈನಿಂಗ್ ಹೊರಗೆ ಎಳೆದಾಗ, ಸರಿಯಾಗಿ ಅದೇ ಜಾಗದಲ್ಲಿ ನೀಲಿ ಬಾಲ್‌ಪೆನ್ನಿನಿಂದ ಒಂದು ಹೆಸರು ಬರೆದಿತ್ತು. ಎರಡು ಸಲ ತಿದ್ದಿ ದಪ್ಪ ಮಾಡಿದ ಅಕ್ಷರ. ಹೆಸರಿನ ಸುತ್ತ ಒಂದು ಚೌಕ.

ಲೈನಿಂಗಿಗೆ ಸೂಜಿ ತಾಗಬಾರದು ಅಂತ ಅದನ್ನು ಬದಿಗೆ ಸರಿಸಿ ಪಿನ್ನು ಚುಚ್ಚಿ ಹಿಡಿದೆ. ಕ್ಯಾನ್ವಾಸಿಗೆ ಮಾತ್ರ 3 ಇಂಚು ಚೌಕದ ತೇಪೆ ಕೊಟ್ಟು ಕೈಯಲ್ಲೇ ಹೊಲಿದೆ. ಮುಕ್ಕಾಲು ಗಂಟೆ ಹಿಡಿಯಿತು. ಲೈನಿಂಗ್ ಒಳಗೆ ಹಾಕಿ ಬಾಯಿ ಹೊಲಿದೆ. ಪಟ್ಟಿಯನ್ನು ಕುಂಬಳೆಯ ಅಣ್ಣ ಮತ್ತೆ ಹೊಲಿದು ಕೊಟ್ಟರು, 10 ರೂಪಾಯಿ ತೆಗೆದುಕೊಳ್ಳಲಿಲ್ಲ. ಮರುದಿನ ಮಳೆ ಬಿಟ್ಟ ಹೊತ್ತು ನೋಡಿ ನಾದಿನಿ ಎರಡನ್ನೂ ಕಚೇರಿಗೆ ಮುಟ್ಟಿಸಿ ಬಂದಳು.